ಅಳಿಯ ಮುಟ್ಟದ ಕಾಲು

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಯೋಗೀಶ ‘ಕಾಲು ಹಿಡಿಯೋದು’ ಎನ್ನುತ್ತಿದ್ದ. ಕೇಳಿದವರು ನಕ್ಕ ಮೇಲೆ ತಾನೂ ನಗುತ್ತಿದ್ದ. ತಿಪಟೂರಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಅವನು ಸಂಬಳದ ಆಳು. ವರ್ಷಗಟ್ಟಲೆ ಓದಿದ್ದು ಊರವರ ಹಿಮ್ಮಡಿಗಳನ್ನು ಮಡಿಲಲ್ಲಿಟ್ಟುಕೊಳ್ಳುವುದಕ್ಕೆ. ತೆಂಗಿನಮರ ಹತ್ತಿ ಹತ್ತಿ ಪಾದ ಗಂಟುಕಟ್ಟಿದವರು, ದಿನವಿಡೀ ನಿಂತು ಕಾಯಿ ಸುಲಿದು ಬೆಳಗಿನ ಮೊದಲ ಹೆಜ್ಜೆ ಊರಲಾಗದವರು, ಎಲ್ಲರೂ ಬಂದು ಅವನ ಮುಂದೆ ಕಾಲು ಚಾಚುತ್ತಿದ್ದರು. ಒಂದು ಕೈಯಲ್ಲಿ ಹಿಮ್ಮಡಿಯನ್ನು ಬಟ್ಟಲು ಹಿಡಿದ ಹಾಗೆ ಹಿಡಿದು, ಇನ್ನೊಂದು ಕೈಯಿಂದ ಕಾಲಿನ ಗಿಣ್ಣನ್ನು, ಆ ಹರಡಿನ ಮೂಳೆಯನ್ನು, ಸ್ವಲ್ಪಸ್ವಲ್ಪವೇ ಹಿಂದಕ್ಕೆ ಒತ್ತಿ, ಹೆಬ್ಬೆರಳಿನಿಂದ ಅಂಗಾಲಿನ ಬಿಗಿಯನ್ನು ತೀಡಿ ಕಳಿಸುತ್ತಿದ್ದ. ಅಂಥವನಿಗೂ ಮುಟ್ಟಲಾಗದ ಕಾಲು ಈ ಸೀಮೆಯಲ್ಲಿ ಒಂದಿತ್ತು. ಅದು ಹಾಲ್ಕುರಿಕೆಯಲ್ಲಿದ್ದ ಅವನ ಅತ್ತೆ ಚಿಕ್ಕಗೌರಮ್ಮನದು.

ಚಿಕ್ಕಗೌರಮ್ಮ ತೋಟದಲ್ಲಿ ಬಿದ್ದ ಗರಿ ಎಳೆಯುವಾಗ ಕಾಲುವೆಗೆ ಜಾರಿ ಬಲಗಾಲಿನ ಹರಡು ಮುರಿದುಕೊಂಡಿದ್ದರು. ಮೂಳೆಯೇನೋ ಕೂಡಿತು. ಪ್ಲಾಸ್ಟರ್ ಬಿಚ್ಚಿ ನೋಡಿದರೆ ಪಾದ ಒಣಗಿದ ಮಟ್ಟೆಯಂತೆ ಬಿಗಿದುಕೊಂಡಿತ್ತು. ಅಳಿಯನೇ ಇದನ್ನು ಓದಿದವನು, ಸರಿ. ಆದರೆ ಅಳಿಯ ಎಂದರೆ ಧಾರೆಯ ದಿನ ಇವರೇ ಕಾಲು ತೊಳೆದು, ಆ ನೀರನ್ನು ತಲೆಗೆ ಚಿಮುಕಿಸಿಕೊಂಡು ಮಗಳನ್ನು ಕೊಟ್ಟ ದೇವರು. ಅವನು ಮನೆಗೆ ಬಂದರೆ ಸೆರಗು ಹೊದ್ದು ಬಾಗಿಲ ಮರೆಯಿಂದ ಮಾತಾಡುವವರು ಅವರು. ಆ ಕೈಗೆ ಕಾಲು ಕೊಟ್ಟರೆ ಸತ್ತ ಮೇಲೂ ಪಾಪ ಬಿಡುವುದಿಲ್ಲ ಎಂದುಬಿಟ್ಟರು. ಮಗ ದಯಾನಂದ ತಾನು ಮಾಡುತ್ತೇನೆಂದು ಕೂತ. ಕಾಯಿ ಸುಲಿದು ಪಳಗಿದ ಕೈ. ಒಂದೇ ಸಲ ತಿರುವಿದ್ದಕ್ಕೆ ಅವ್ವ ಬೀದಿಗೆ ಕೇಳುವಂತೆ ಕೂಗಿದರು. ಗಂಡ ಗಂಗಾಧರಯ್ಯ ಮಾಡಲಿ ಎಂದು ಯೋಗೀಶ ಬಾಯಿ ತೆರೆದದ್ದಕ್ಕೇ ಚಿಕ್ಕಗೌರಮ್ಮ ಕಿವಿ ಮುಚ್ಚಿಕೊಂಡರು.

ಉಪಾಯ ಹುಡುಕಿದವಳು ಯೋಗೀಶನ ಹೆಂಡತಿ ಅನಿತಾ. ತಿಪಟೂರಿನ ಬಾಡಿಗೆ ಮನೆಯಲ್ಲಿ ಅವಳ ಪಾದವನ್ನೇ ತೊಡೆಯ ಮೇಲಿಟ್ಟುಕೊಂಡು ಅವನು ಪಾಠ ಹೇಳಿದ. ಅವಳು ಕಚಗುಳಿಗೆ ಕಾಲು ಝಾಡಿಸಿ ಮೇಷ್ಟ್ರ ಕನ್ನಡಕ ಬೀಳಿಸಿದಳು. ಪ್ರತಿ ಭಾನುವಾರ ಹಾಲ್ಕುರಿಕೆಯಲ್ಲಿ, ನಡುಮನೆಯ ಮಂಚದ ಮೇಲೆ ತಾಯಿ ಮಗಳು; ಬಾಗಿಲಿನ ಈಚೆ, ಜಗಲಿಯಲ್ಲಿ, ಗೋಡೆಗೆ ಮುಖ ಮಾಡಿ ಕೂತ ಪದವೀಧರ.

“ಹಿಡ್ಕಂಡೆ ಕಣ್ರೀ ಡಾಕ್ಟ್ರೇ, ಮುಂದೆ?” ಎಂದು ಒಳಗಿನಿಂದ ಅನಿತಾ.

“ಹಿಂದಕ್ಕೆ ಒತ್ತು. ಮೆಲ್ಲಗೆ.”

“ನಿಮ್ಮತ್ತೆ ಹಲ್ಲು ಕಚ್ಕಂಡವ್ರೆ.”

“ಹಂಗಾದ್ರೆ ಸರಿಯಾಗೇ ಹಿಡ್ದಿದೀಯ.”

ಅತ್ತೆ ಸೆರಗಿನೊಳಗೆ ನಗುವುದು ಅವನಿಗೆ ಕೇಳಿಸುತ್ತಿತ್ತು. ಕಣ್ಣಿಗೆ ಕಾಣದ ಕಾಲಿಗೆ ಗೋಡೆ ನೋಡಿಕೊಂಡು ಚಿಕಿತ್ಸೆ ಮಾಡುವ ವಿದ್ಯೆ ಯಾವ ಕಾಲೇಜಿನಲ್ಲೂ ಕಲಿಸಿರಲಿಲ್ಲ, ಆದರೂ ಫಲ ಕೊಟ್ಟಿತು. ಪಾದ ಸಡಿಲವಾಯಿತು. ಚಿಕ್ಕಗೌರಮ್ಮ ಕೋಲು ಬಿಟ್ಟು ಕೊಟ್ಟಿಗೆಯವರೆಗೆ ಹೋಗಿಬರುವಂತಾದರು.

ಆ ಮಳೆಗಾಲದಲ್ಲಿ ಅನಿತಾಳಿಗೆ ಡೆಂಗಿ ಬಂತು. ಜ್ವರ ಬಿಟ್ಟಿತು ಎಂದು ಎಲ್ಲರೂ ಉಸಿರುಬಿಟ್ಟ ಬೆಳಿಗ್ಗೆಯೇ ಅವಳು ಹೋದಳು. ಮದುವೆಯಾಗಿ ಎರಡನೆಯ ಯುಗಾದಿ ಇನ್ನೂ ಬಂದಿರಲಿಲ್ಲ.

ಮಗಳನ್ನು ಕೊನೆಯ ಸಲ ನೋಡಿದ ಊರು ಎಂದು ಚಿಕ್ಕಗೌರಮ್ಮ ಆಮೇಲೆ ತಿಪಟೂರಿನ ಬಸ್ಸು ಹತ್ತಲಿಲ್ಲ. ಕ್ಲಿನಿಕ್ಕಿಗೆ ಕರೆದೊಯ್ದು ಬೇರೆಯವರ ಕೈಯಲ್ಲಿ ಮಾಡಿಸುವ ಮಾತೂ ಅಲ್ಲಿಗೆ ಮುಗಿಯಿತು. ಮಗಳ ಕೈ ತಪ್ಪಿದ ಪಾದ ಮತ್ತೆ ಬಿಗಿಯತೊಡಗಿತು.

ಯೋಗೀಶ ಭಾನುವಾರಗಳನ್ನು ತಪ್ಪಿಸಲಿಲ್ಲ. ಅತ್ತೆಯ ಕಾಲು ವಿಚಾರಿಸಲು ಹೋಗುತ್ತೇನೆ ಎಂದು ಹೇಳಿಕೊಳ್ಳುತ್ತಿದ್ದ. ಅಷ್ಟು ಒಳ್ಳೆಯವನೇನೂ ಅಲ್ಲ. ತಿಪಟೂರಿನಲ್ಲಿ ಅವನು ‘ಪಾಪ, ಹೆಂಡ್ತಿ ಹೋದ ಹುಡ್ಗ’. ಹಾಲ್ಕುರಿಕೆಯ ಜಗಲಿಯಲ್ಲಿ ಮಾತ್ರ ಇನ್ನೂ ಅಳಿಯ. ಅಲ್ಲಿ ಕಾಲಿಗೆ ನೀರು, ಕೂರಲು ಮಣೆ, ಮುದ್ದೆಯ ಮೇಲೆ ತುಪ್ಪ, ಬಾಗಿಲ ಮರೆಯಿಂದ ‘ಅಳಿಯಂದ್ರು ಬಂದವ್ರೆ’ ಎಂಬ ಮಾತು. ಅಳಿಯನೊಬ್ಬ ಇದ್ದರೆ ಒಳಗೆಲ್ಲೋ ಮಗಳೊಬ್ಬಳು ಇರಲೇಬೇಕಲ್ಲ ಎಂಬುದು ಅವನ ಹುಚ್ಚು ಲೆಕ್ಕ.

ಆದರೂ ಕಸುಬಿನ ಚಾಳಿ ಬಿಡದು. ಒಳಗೆ ಅವರು ಗೋಡೆ ಹಿಡಿದು ಕಾಲೆಳೆಯುವ ಸದ್ದು ಕೇಳಿ ತುತ್ತು ಇಳಿಯುತ್ತಿರಲಿಲ್ಲ. ಹೋದಾಗಲೆಲ್ಲ ಬಾಗಿಲಿನ ಕಡೆ ತಿರುಗಿ ಬೇಡುತ್ತಿದ್ದ: ಇನ್ನೂ ಬಿಟ್ಟರೆ ಆ ಕೀಲು ಯಾರ ಕೈಗೂ ಬಗ್ಗುವುದಿಲ್ಲ, ನನ್ನನ್ನು ಅಳಿಯ ಎಂದುಕೊಳ್ಳಬೇಡಿ, ಕ್ಲಿನಿಕ್ಕಿನವನು ಎಂದುಕೊಳ್ಳಿ. “ಅದೊಂದ್ ಬುಡಿ, ಊಟಕ್ಕೇಳಿ” ಎಂಬುದು ಅವರ ಉತ್ತರ. ಅದನ್ನು ಕೇಳಿ ಅವನಿಗೆ ಬೇಸರವಾಗುತ್ತಿತ್ತು. ಬೇಸರದ ಅಡಿಯಲ್ಲಿ ಕಳ್ಳ ನೆಮ್ಮದಿಯೊಂದು ಇರುತ್ತಿತ್ತು.

ಚಳಿ ಕಳೆಯುತ್ತಿದ್ದ ಒಂದು ಭಾನುವಾರ ಅವನು ಹೋದಾಗ ಮಂಚ ಜಗಲಿಗೆ ಬಂದಿತ್ತು. ಚಿಕ್ಕಗೌರಮ್ಮ ಗೋಡೆಗೆ ಒರಗಿ, ತಲೆಯ ಮೇಲೆ ಸೆರಗಿಲ್ಲದೆ, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಗಂಡಸರಿಬ್ಬರನ್ನೂ ತೋಟಕ್ಕೆ ಕಳಿಸಿದ್ದರು. ಯೋಗೀಶನಿಗೆ ಮೊದಲು ಹೊಳೆದದ್ದು, ಗೆದ್ದೆ ಎಂದು. ಕೈ ತೊಳೆದು ಬಂದು ಎದುರಿಗೆ ಕೂತು, ಹೊಸ ರೋಗಿಗಳಿಗೆ ಒಪ್ಪಿಸುವ ಧೈರ್ಯದ ಪಾಠ ಶುರುಮಾಡಿದ.

ಅವರು ತಡೆದರು. “ನೊಣವಿನಕೆರೆ ಕಡೆಯೋರು ನಿನ್ ತಾಯಿ ಹತ್ರ ಬಂದಿದ್ರಂತೆ. ಹೆಣ್ ಕೊಡ್ತೀವಿ ಅಂತ.”

ತಾನು ಒಪ್ಪಿಲ್ಲ ಎಂದ.

“ಯಾಕ್ ಒಪ್ಪಿಲ್ಲ ಅಂತ ಗೊತ್ತು ಕಣಪ್ಪ. ನಾನಿಲ್ಲಿ ಮಣೆ ಹಾಕೋಗಂಟ ನೀನ್ ಇನ್ನೊಂದ್ ಕಡೆ ತಿರ್ಗಲ್ಲ. ನಂಗೂ ಬುಡಕ್ಕಾಗ್ನಿಲ್ಲ, ಹಾಕ್ತಾನೇ ಇದ್ದೆ.” ಎಣ್ಣೆಯ ಬಟ್ಟಲನ್ನು ಅವನತ್ತ ಸರಿಸಿದರು. “ಬಾಳೋ ಹುಡ್ಗ ನೀನು. ಇವತ್ತಿಂದ ನಮ್ಮನೆ ಅಳಿಯ ಅಲ್ಲ. ಕಾಲ್ ಮುಟ್ಟು.”

ಅವನ ಕೈ ಮುಂದೆ ಹೋಗಲಿಲ್ಲ. ಇಷ್ಟು ದಿನ ಬೇಡಿದ್ದು ಇದನ್ನೇ. ಅಳಿಯ ಎಂದುಕೊಳ್ಳಬೇಡಿ ಎಂದು ಅವನೇ ಹೇಳಿಕೊಟ್ಟ ಮಾತು. ಅವರು ಒಪ್ಪಿಕೊಂಡಿದ್ದರು, ಅಷ್ಟೆ. ಓದಿದ ಬುದ್ಧಿವಂತನಿಗೆ ಅದರ ಅರ್ಥ ಈಗ ತಿಳಿಯಿತು. ಎದ್ದು ಹೋಗಬಹುದಿತ್ತು. ಹೋದರೆ ಅಳಿಯನಾಗಿಯೇ ಉಳಿಯುತ್ತಿದ್ದ, ಅವರು ಗೋಡೆ ಹಿಡಿದೇ ಉಳಿಯುತ್ತಿದ್ದರು. ದಿಂಬಿನ ಮೇಲೆ ಪಾದ ಬೆರಳು ಮುದುಡಿಕೊಂಡು ಕಾಯುತ್ತಿತ್ತು.

ಹಿಡಿದ. ತಣ್ಣಗಿತ್ತು.

“ಅತ್ತೇ, ನೋವಾದ್ರೆ ಹೇಳಿ,” ಎಂದ. ಚಿಕ್ಕಗೌರಮ್ಮ ಸೂರು ನೋಡುತ್ತಿದ್ದರು; ಉತ್ತರ ಬರಲಿಲ್ಲ. ಎಣ್ಣೆ ಸವರಿ, ಅಂಗಾಲು ತೀಡಿ, ಇನ್ನೊಮ್ಮೆ ‘ಅತ್ತೇ’ ಎಂದು ಕರೆದ. ಅವರ ಕೆನ್ನೆ ಒದ್ದೆಯಾಗಿತ್ತು, ತುಟಿ ಬಿಚ್ಚಲಿಲ್ಲ. ಹರಡಿನ ಮೂಳೆಯನ್ನು ಹಿಂದಕ್ಕೆ ಒತ್ತಿದ. ಕೀಲು ಜಗ್ಗಲಿಲ್ಲ, ಮತ್ತೆ ಒತ್ತಿದಾಗ ಕೂದಲೆಳೆಯಷ್ಟು ಸರಿಯಿತು. ಇನ್ನು ಅವರೇ ಪಾದವನ್ನು ಎತ್ತಬೇಕು. ಎತ್ತದಿದ್ದರೆ ಸಡಿಲವಾದದ್ದು ನಿಲ್ಲುವುದಿಲ್ಲ.

ಯೋಗೀಶ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟ. ಕ್ಲಿನಿಕ್ಕಿಗೆ ಬರುವ ಹೆಂಗಸರನ್ನೆಲ್ಲ ಕರೆಯುವ ದನಿಯಲ್ಲಿ, “ಅಮ್ಮಾ, ಪಾದ ಮೇಲಕ್ಕೆತ್ತಿ,” ಎಂದ.

“ಹೂಂ ಕಣಪ್ಪ,” ಎಂದು ಚಿಕ್ಕಗೌರಮ್ಮ ಎತ್ತಿದರು.