ಹಂಡೆ ಒಲೆಯ ಮೊಟ್ಟೆ

ವರದಿಗಾರನಾಗಿದ್ದ ಅಷ್ಟೂ ವರ್ಷ ಒಂದು ವಾಕ್ಯವನ್ನು ನಾನು ಯೋಚನೆಯೇ ಇಲ್ಲದೆ ಬರೆಯುತ್ತಿದ್ದೆ: ‘ಚಿಕಿತ್ಸೆ ಪಡೆದು ಗುಣಮುಖರಾಗಿ ಮನೆಗೆ ಮರಳಿದ್ದಾರೆ.’ ಸುದ್ದಿ ಮುಗಿಸಲು ಇಷ್ಟು ಅನುಕೂಲವಾದ ವಾಕ್ಯ ಇನ್ನೊಂದಿಲ್ಲ. ಆಸ್ಪತ್ರೆಯ ಗೇಟು ದಾಟಿದ ಮೇಲೆ ಏನಾಯಿತು ಎಂದು ಯಾವ ಉಪಸಂಪಾದಕನೂ ಕೇಳುವುದಿಲ್ಲ. ಮನೆಗೆ ಹೋದವರು ಏನು ಉಂಡರು, ಉಂಡದ್ದು ಮೈಗೆ ಹತ್ತಿತೇ ಎನ್ನುವುದು ಸುದ್ದಿಯಲ್ಲ, ಅಡುಗೆಮನೆಯ ವಿಷಯ. ವರದಿಗಾರನನ್ನು ಅಡುಗೆಮನೆಗೆ ಕಳಿಸಿದ ಪತ್ರಿಕೆಯನ್ನು ನಾನು ಕಂಡಿಲ್ಲ.

ನನ್ನನ್ನು ಅಲ್ಲಿಗೆ ಕಳಿಸಿದ್ದು ಅಕ್ಕನ ಗಂಡ ನಿಂಗೇಗೌಡರ ಕಾಯಿಲೆ. ಹಂಪಾಪುರದ ಹತ್ತಿರದ ಹಳ್ಳಿಯಲ್ಲಿ ಅವರದು ಎರಡೆಕರೆ ಗದ್ದೆ, ಸ್ವಲ್ಪ ಹೊಲ. ಹರೆಯದಿಂದ ಹೊಗೆಸೊಪ್ಪು ಇಟ್ಟುಕೊಳ್ಳುತ್ತಿದ್ದ ಎಡಗೆನ್ನೆಯಲ್ಲೇ ಕ್ಯಾನ್ಸರ್ ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು, ರೇಡಿಯೇಷನ್ ಮುಗಿಯಿತು, ಮೂಗಿಗೆ ಹಾಕಿದ್ದ ಊಟದ ನಳಿಕೆಯನ್ನು ತೆಗೆದು ಮನೆಗೆ ಕಳಿಸಿದರು. ನನ್ನ ವಾಕ್ಯಕ್ಕೆ ಹೇಳಿ ಮಾಡಿಸಿದ ಪ್ರಕರಣ. ಆದರೆ ಭಾವನ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನಾಲಿಗೆಗೆ ರುಚಿ ತಿಳಿಯುತ್ತಿರಲಿಲ್ಲ. ಏನು ಕೊಟ್ಟರೂ ಮಣ್ಣು ತಿಂದಂತೆ ಎನ್ನುತ್ತಿದ್ದರು. ತೂಕ ಹೀಗೇ ಇಳಿದರೆ ಮುಂದಿನ ತಪಾಸಣೆಯಲ್ಲಿ ನಳಿಕೆ ಮತ್ತೆ ಹಾಕಬೇಕಾಗುತ್ತದೆ ಎಂದು ವೈದ್ಯರು ಎಚ್ಚರಿಸಿದ್ದರು. ಭಾವ ಆಪರೇಷನ್ನಿಗೂ ಅಷ್ಟು ಹೆದರಿದವರಲ್ಲ, ನಳಿಕೆಯ ಮಾತೆತ್ತಿದರೆ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು.

ಕಾಯಿಲೆಯವರನ್ನು ನೋಡಲು ಹೋಗುವಾಗ ಬ್ರೆಡ್ಡು ಒಯ್ಯಬೇಕೆಂದು ನಮಗೆ ಯಾರು ಕಲಿಸಿದರೋ ತಿಳಿಯದು. ನಾನೂ ಒಯ್ದೆ. ಹಲ್ಲಿನ ಸಂದಿಯಿಂದಲೇ ಭಾವ ಅಂದರು: “ಏನ್ಲಾ, ನೀನೂ ಬ್ರೆಡ್ಡೇ ತಂದ್ಯಾ? ಇನ್ನೆಲ್ಡ್ ದಿನ ತಡ್ಕೊ, ಬೇಕರಿ ಮಡಗ್ತೀನಿ.” ಬ್ರೆಡ್ಡಿನ ಜೊತೆಗೆ ನಾವೆಲ್ಲ ಧಾರಾಳವಾಗಿ ಕೊಟ್ಟ ಇನ್ನೊಂದು ವಸ್ತು ಸಲಹೆ. ಎದ್ದು ಕೂತರೆ ‘ಸುಸ್ತಾಗುತ್ತೆ, ಮಲಗಿ’. ಜಗಲಿಗೆ ಬಂದರೆ ‘ಗಾಳಿ, ಒಳಗೆ ಹೋಗಿ’. ಹೀಗೆ ಎಲ್ಲರೂ ಸೇರಿ, ಪ್ರೀತಿಯಿಂದ, ಒಬ್ಬ ರೈತನ ಕೈಕಾಲಿನ ಕಸುವನ್ನು ಕಸಿದುಕೊಂಡಿದ್ದೆವು.

ಆಗ ಬಂದವಳು ಸವಿತಾ. ಚಿಕಿತ್ಸೆ ಮುಗಿಸಿಕೊಂಡವರ ಮನೆಗಳಿಗೆ ಹೋಗಿ ಊಟ, ವ್ಯಾಯಾಮ ಹೇಳಿಕೊಡುವುದು ಅವಳ ಕೆಲಸ. ವಾರದಲ್ಲಿ ಒಂದು ದಿನ ಪಿರಿಯಾಪಟ್ಟಣ, ಒಂದು ದಿನ ಭೇರ್ಯದ ಕಡೆ. ನಮ್ಮ ಕಡೆಗೆ ಬರಬೇಕಾದರೆ ಹುಣಸೂರಿನಿಂದ ಹೊರಟು ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಲ್ಲಿ ಬಸ್ಸು ಬದಲಿಸಿ, ಆಮೇಲೆ ಆಟೋ. ಹೆಗಲಿಗೆ ಒಂದು ಚೀಲ, ಅದರಲ್ಲಿ ತೂಕದ ಯಂತ್ರ. ವಿಶೇಷಣಗಳನ್ನು ಹೊಡೆದುಹಾಕುವುದೇ ನನ್ನ ವೃತ್ತಿಯಾಗಿತ್ತು; ಈ ಹುಡುಗಿಯ ವಿಷಯದಲ್ಲಿ ಕೆಲವನ್ನು ಉಳಿಸಿಕೊಳ್ಳುವ ಆಸೆಯಾಗುತ್ತದೆ.

ಅವಳು ಮೊದಲು ಕೇಳಿದ್ದು ಭಾವ ಕುಡಿಯುತ್ತಿದ್ದ ರಾಗಿ ಅಂಬಲಿಯ ಲೋಟವನ್ನು. ಓರೆ ಮಾಡಿ ನೋಡಿದಳು. ನೀರಿನಂತೆ ಹರಿಯಿತು.

“ದಿನಕ್ಕೆ ಎಷ್ಟು ಲೋಟ ಕೊಡ್ತೀರಮ್ಮ?”

“ಏಳೋ ಎಂಟೋ ಕಣವ್ವ. ಗಂಟಲಲ್ಲಿ ಸಲೀಸಾಗಿ ಇಳೀಲಿ ಅಂತ ತೆಳ್ಳಗೆ ಮಾಡ್ತೀನಿ,” ಅಕ್ಕ ಅಂದಳು.

“ಇದ್ರಲ್ಲಿ ಹೊಟ್ಟೆ ತುಂಬುತ್ತೆ, ಶಕ್ತಿ ಬರಲ್ಲ. ಗಟ್ಟಿ ಮಾಡಿ, ಕಡಲೆಕಾಯಿ ಪುಡಿ, ತುಪ್ಪ ಸೇರಿಸಿ. ಮೊಟ್ಟೆ ಕೊಡ್ತಾ ಇದೀರಾ?”

ಅಕ್ಕ ನೆಲ ನೋಡಿದಳು. ಆಗ ಹೊರಬಿತ್ತು: ಗಂಡ ವಾಸಿಯಾಗುವವರೆಗೆ ಬಾಡು, ಮೊಟ್ಟೆ ಬೇಯಿಸುವುದಿಲ್ಲವೆಂದು ಅವಳು ಮನೆದೇವರಿಗೆ ಹರಕೆ ಹೊತ್ತಿದ್ದಳು. ಗಂಡ ಬದುಕಲೆಂದು ಹೊತ್ತ ಹರಕೆ, ಅವನು ಬದುಕಲು ತಿನ್ನಬೇಕಾದದ್ದನ್ನೇ ಬಾಗಿಲಾಚೆ ನಿಲ್ಲಿಸಿತ್ತು.

ನನ್ನೊಳಗೆ ಮೂಢನಂಬಿಕೆಯ ಮೇಲೊಂದು ಸಂಪಾದಕೀಯ ಆಗಲೇ ಸಿದ್ಧವಾಗಿತ್ತು. ಪುಣ್ಯಕ್ಕೆ ಸವಿತಾ ಮೊದಲು ಬಾಯಿ ತೆರೆದಳು. “ಹರಕೆ ಕಟ್ಟುವಾಗ ಏನಂದ್ರಿ? ಅಂದ ಹಾಗೇ ಹೇಳಿ.” ನಾನು ಸುದ್ದಿಮನೆಗೆ ಹೊಸದಾಗಿ ಬಂದವರಿಗೆ ಇದನ್ನೇ ಬಾಯಿ ಬಡಿದುಕೊಂಡು ಹೇಳುತ್ತಿದ್ದೆ: ಅಭಿಪ್ರಾಯ ಆಮೇಲೆ, ಮೊದಲು ಆಡಿದ ಮಾತು.

“ನನ್ ಅಡ್ಗೆಮನೆ ಒಲೆ ಮ್ಯಾಲೆ ಬಾಡು ಮೊಟ್ಟೆ ಬೇಯ್ಸಕಿಲ್ಲ ಅಂದೆ.”

“ಸ್ನಾನಕ್ಕೆ ನೀರು ಎಲ್ಲಿ ಕಾಯಿಸ್ತೀರಿ?”

“ಹಿತ್ಲಲ್ಲಿ, ಹಂಡೆ ಒಲೆ ಮ್ಯಾಲೆ.” ಅಕ್ಕ ಹಿತ್ತಿಲ ಬಾಗಿಲ ಕಡೆ ತಿರುಗಿ ನೋಡಿದಳು. “ಅದು ಅಡ್ಗೆ ಒಲೆ ಅಲ್ವಲ್ಲ?”

“ನಾನೇನೂ ಅಂದಿಲ್ಲಮ್ಮ.”

“ನೋಡ್ಲಾ,” ಮಂಚದಿಂದ ಭಾವ ನನಗೆ ಅಂದರು, “ದೇವ್ರ ಮ್ಯಾಲೇ ಕೇಸ್ ಗೆದ್ಲು ನಿಮ್ಮಕ್ಕ.”

ಮರುದಿನದಿಂದ ಹಂಡೆ ಇಳಿಸಿ, ಆ ಒಲೆಯ ಮೇಲೆ ದಿನಕ್ಕೆರಡು ಮೊಟ್ಟೆ ಬೆಂದವು. ಮೆತ್ತಗಿನ ಅನ್ನ, ತುಪ್ಪದ ಜೊತೆ ನುಣ್ಣಗೆ ಕಿವುಚಿ ಅಕ್ಕ ಕೊಡುತ್ತಿದ್ದಳು. ರುಚಿ ಇಲ್ಲದಿದ್ದರೂ ಭಾವ ಔಷಧಿಯಂತೆ ನುಂಗಿದರು. ಮುದ್ದೆ ಮಾತ್ರ ಸದ್ಯಕ್ಕೆ ಬೇಡವೆಂದು ಸವಿತಾ ಹೇಳಿದ್ದಳು, ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವುದು ನಮ್ಮ ಸೀಮೆಯ ಬರೆಯದ ಕಾನೂನು. ಪಟ್ಟಣ ಸೇರಿ ಅಗಿಯಲು ಕಲಿತ ನನ್ನಂಥವರನ್ನು ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳಲೂ ಭಾವನಿಗೆ ನಾಚಿಕೆ. ಅಂಥ ಭಾವ ಮುದ್ದೆ ಬಿಟ್ಟರೆಂದರೆ ಅದು ಸಣ್ಣ ವ್ರತವಲ್ಲ.

ದವಡೆಯ ಬಿಗಿ ಸಡಿಲಿಸಲು ಸವಿತಾ ಕೊಟ್ಟದ್ದು ಐಸ್‌ಕ್ಯಾಂಡಿ ಕಡ್ಡಿಗಳು. ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು ಹಿಡಿದುಕೊಳ್ಳಬೇಕು. ಸಲೀಸಾದ ಮೇಲೆ ಇನ್ನೊಂದು ಕಡ್ಡಿ ಸೇರಿಸಬೇಕು. ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಭಾವ ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಳಿಗ್ಗೆ, ಸಂಜೆ ನಾಲೆ ಏರಿಯ ಮೇಲೆ ನಡಿಗೆ. ಅವರ ಮನೆಯಲ್ಲೇ ಉಳಿದುಕೊಂಡಿದ್ದ ನಾನು ಕಾವಲಿಗೆಂದು ಜೊತೆಗೆ ಹೋಗುತ್ತಿದ್ದೆ. ಎರಡನೆಯ ವಾರ ನಾನೇ ಹಿಂದೆ ಬಿದ್ದು ಏದುಸಿರು ಬಿಡುತ್ತಿದ್ದಾಗ ಭಾವ ನಿಂತು ಕೇಳಿದರು: “ಯಾಕ್ಲಾ, ನಿಂಗೂ ಒಂದ್ ಮೊಟ್ಟೆ ಬೇಯ್ಸು ಅನ್ಲಾ ನಿಮ್ಮಕ್ಕಂಗೆ?”

ತಪಾಸಣೆಯ ದಿನ ತೂಕ ಇಳಿದಿರಲಿಲ್ಲ, ಕೊಂಚ ಏರಿತ್ತು. ಬಾಯೊಳಗೆ ಎರಡು ಬೆರಳು ಹಿಡಿಸಿದವು. ನಳಿಕೆ ಬೇಡ ಎಂದರು ವೈದ್ಯರು. ಅಕ್ಕ ಕೈಮುಗಿದಳು, ಆದರೆ ಹಂಡೆ ಒಲೆಯ ಮೊಟ್ಟೆ ಅಡುಗೆಮನೆಗೆ ಬರಲಿಲ್ಲ. ವಾಸಿಯಾಯಿತು ಎಂದು ಯಾರೂ ಹೇಳಿರಲಿಲ್ಲವಲ್ಲ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ಜಗಲಿಯಲ್ಲಿದ್ದ ನನಗೆ ಒಳಗಿನಿಂದ ಭಾವನ ದನಿ ಕೇಳಿಸಿತು. “ಏನಮ್ಮಿ ಇದು? ಸಾರ್ಗೆ ಉಪ್ಪು ಹಾಕೋದ್ನೇ ಮರ್ತ್ಯಾ?”

ಅಕ್ಕ ಸೌಟು ಹಿಡಿದುಕೊಂಡೇ ಹೊರಗೆ ಓಡಿ ಬಂದಳು. “ಕೇಳುಸ್ತಾ? ಉಪ್ಪಿಲ್ಲ ಅಂತ ಬೈದ್ರು ಕಣೋ! ನಾನ್ ನಿಜ್ವಾಗ್ಲೂ ಮರ್ತಿದ್ದೆ, ಅವ್ರ ನಾಲ್ಗೆಗೆ ಗೊತ್ತಾಗೈತೆ. ವಾಸಿ ಆಯ್ತು. ಭಾನ್ವಾರ ಹರಕೆ ತೀರಿಸ್ಬುಡ್ತೀನಿ.”

ನಿಖರತೆಯ ಚಟದವನು ನಾನು. “ಡಾಕ್ಟ್ರು ಇನ್ನೂ ವರ್ಷಗಟ್ಟಲೆ ನೋಡ್ಬೇಕು ಅಂದಿದಾರಕ್ಕ,” ಎಂದೆ.

“ನೋಡ್ಲಿ ಬುಡು, ಬ್ಯಾಡ ಅಂದೋರ್ಯಾರು? ನಲ್ವತ್ತು ವರ್ಸ ಬೈಸ್ಕೊಂಡೋಳು ಕಣ್ಲಾ ನಾನು. ನಂಗೊತ್ತಾಗಕಿಲ್ವಾ?”

ಆ ಭಾನುವಾರ ಅಡುಗೆಮನೆಯ ಒಲೆಯ ಮೇಲೆ ಕೋಳಿ ಬೆಂದಿತು. ಸವಿತಾ ಹೇಳಿದ್ದಂತೆ ಭಾವನ ಪಾಲನ್ನು ಖಾರವಿಲ್ಲದೆ ಬೇಯಿಸಿ, ಮೆತ್ತಗೆ ಮಿದ್ದು ಅಕ್ಕ ಬಡಿಸಿದಳು. ಭಾವ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ನುಂಗಿ, ಉಪ್ಪು ಜಾಸ್ತಿಯಾಯಿತು ಅಂದರು. ಅಕ್ಕ ಖುಷಿಯಿಂದ ಇನ್ನೊಂದು ಸೌಟು ಹಾಕಿದಳು.