ದುರುಗಕ್ಕನ ಎಣ್ಣೆ ಮತ್ತು ಹೇಮಾವತಿಯ ಅಳತೆ

ಹೇಮಾವತಿಗೆ ಚಿತ್ರದುರ್ಗದ ಒಂದು ಸಂಸ್ಥೆಯಲ್ಲಿ ಕೆಲಸ. ಒಂದು ವಸ್ತು ಅಂಗಡಿ ತಲುಪುವಷ್ಟರಲ್ಲಿ ಅದರ ಹಿಂದೆ ಎಷ್ಟು ಕರೆಂಟು, ಡೀಸೆಲ್, ನೀರು, ಗೊಬ್ಬರ ಖರ್ಚಾಗಿದೆ ಎಂದು ಅಳೆದು ಹೇಳಬೇಕು. ಅವಳೂರು ಹರಿಯಬ್ಬೆಯಲ್ಲಿ ಚಿಕ್ಕಮ್ಮ ದುರುಗಕ್ಕ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಗಾಣದಲ್ಲಿ ಶೇಂಗಾ ಎಣ್ಣೆ ತೆಗೆಸುತ್ತಿದ್ದಳು. ಹೇಮಾವತಿ ಕಾಲೇಜು ಮುಗಿಸಿದ್ದು ಅವಳ ಮನೆಯಲ್ಲಿದ್ದುಕೊಂಡೇ.

ಎಣ್ಣೆಯೆಲ್ಲ ಬೆಂಗಳೂರಿನ ಒಂದು ಅಂಗಡಿಗೆ ಹೋಗುತ್ತಿತ್ತು. ಪ್ಲಾಸ್ಟಿಕ್ ಬೇಡ ಎಂದು ಅವರು ಹೇಳಿದ್ದಕ್ಕೆ ದುರುಗಕ್ಕ ಗಾಜಿನ ಬಾಟಲಿ ತರಿಸತೊಡಗಿದ್ದಳು. ಕಳೆದ ವರ್ಷ ಅವರು ಇನ್ನೊಂದು ಕೇಳಿದರು. ಪ್ರತಿ ಲೀಟರಿಗೆ ತಗಲುವ ಒಟ್ಟು ಶಕ್ತಿಯನ್ನು ಅಳತೆ ಮಾಡಿಸಿ ಕೊಡಬೇಕು, ಅದು ತಾವು ಹಾಕಿದ ಮಿತಿ ದಾಟಬಾರದು.

"ಬ್ಯಾರೇರು ಯಾಕೆ, ನಮ್ಮ ಹೇಮಾನೇ ಅಳೀಲಿ" ಎಂದಳು ದುರುಗಕ್ಕ.

ಹೇಮಾವತಿ ಗಾಣದ ಮೋಟರಿಗೆ ಮೀಟರ್ ಕೂರಿಸಿದಳು. ಕರೆಂಟು ಹೋದಾಗ ಓಡುವ ಜನರೇಟರಿನ ಡೀಸೆಲ್, ಹೊಲ ಉತ್ತ ಟ್ರ್ಯಾಕ್ಟರು, ಗೊಬ್ಬರ, ಎಲ್ಲ ಲೆಕ್ಕಕ್ಕೆ ಹಿಡಿದಳು. ಅಲ್ಲಿಯವರೆಗೂ ಮಿತಿಯೊಳಗೇ ಇತ್ತು. ಕೊನೆಗೆ ಬಾಟಲಿ ಸೇರಿಸಿದಳು. ಗಾಜು ಕರಗಿಸುವ ಕುಲುಮೆಯ ಬೆಂಕಿ, ದೂರದ ಕಾರ್ಖಾನೆಯಿಂದ ಆ ಭಾರ ಹೊತ್ತು ಬರುವ ಲಾರಿ. ಮಿತಿ ದಾಟಿಹೋಯಿತು.

ಮತ್ತೆ ಕೂಡಿ ನೋಡಿದಳು. ಅಷ್ಟೇ ಬಂತು. ಮೇಲಿನ ಅಧಿಕಾರಿ ಮುರುಗೇಶ್ ಹತ್ತಿರ ಹೋದಳು.

"ಖಾಲಿ ಬಾಟಲಿ ವಾಪಸ್ ತರಿಸಿ ತುಂಬಿದ್ರೆ ಕಡಿಮೆ ಆಗುತ್ತಲ್ಲ ಸರ್?"

"ಆಗುತ್ತೆ. ವಾಪಸ್ ಬರ್ತಾವಾ?"

ಅಂಗಡಿಗೆ ಫೋನ್ ಮಾಡಿದಳು. ಗಿರಾಕಿಗಳು ಬಾಟಲಿ ತಂದುಕೊಡುವುದಿಲ್ಲ ಎಂದರು. ಪ್ಲಾಸ್ಟಿಕ್ ಕ್ಯಾನಿನ ಮಾತೆತ್ತಿದರೆ ಕೇಳಿಸಿಕೊಳ್ಳಲೇ ಇಲ್ಲ. ಇದ್ದ ಅಳತೆಯನ್ನೇ ಕಳಿಸಬೇಕಾಯಿತು. ತಿಂಗಳೊಳಗೆ ಅಂಗಡಿಯವರು ಎಣ್ಣೆ ತರಿಸುವುದನ್ನು ನಿಲ್ಲಿಸಿದರು.

ಭಾನುವಾರ ಹೇಮಾವತಿ ಹರಿಯಬ್ಬೆಗೆ ಹೋದಳು. ದುರುಗಕ್ಕ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ನೀನು ಅಳೆದಿದ್ದು ತಪ್ಪೇನಮ್ಮ?"

"ಇಲ್ಲ ಚಿಕ್ಕಮ್ಮ."

"ಗಾಜಿನ ಬಾಟ್ಲಿ ತರಿಸ್ರಿ ಅಂದೋರು ಅವರೇ ಅಲ್ವಾ?"

"ಹೂಂ."

"ಮತ್ತೆ ನಾವೇನು ಮಾಡಬೇಕಿತ್ತು?"

ಹೇಮಾವತಿಯ ಕಣ್ಣು ತುಂಬಿತು. ದುರುಗಕ್ಕ ಮೊರವನ್ನು ಅವಳ ಕಡೆ ಸರಿಸಿ, "ಕುಂತ್ಕ, ಉಂಡ್ಕೊಂಡು ಹೋಗುವಂತೆ" ಎಂದಳು.

ಈಗ ಊರವರು ಶೇಂಗಾ ತಂದರೆ ಮಾತ್ರ ಗಾಣ ತಿರುಗುತ್ತದೆ. ಅಲ್ಲಿದ್ದ ಹೆಂಗಸರು ದಾಳಿಂಬೆ ತೋಟದ ಕೂಲಿಗೆ ಹೋಗುತ್ತಾರೆ. ಅವರಲ್ಲೊಬ್ಬಳಾದ ಓಬಮ್ಮ ಬಸ್‌ಸ್ಟಾಪಿನಲ್ಲಿ ಸಿಕ್ಕಾಗಲೆಲ್ಲ ಹೇಮಾವತಿಯನ್ನು ಕೇಳುತ್ತಾಳೆ, "ಗಾಣ ಮತ್ತೆ ಯಾವಾಗ ಶುರುವಾಗ್ತೈತವ್ವ? ನಿನಗೆ ಗೊತ್ತಿರಬೇಕಲ್ಲ."