ಅತ್ತೆಯ ಹೆಸರು, ಅವ್ವನ ಬಾಯಿ

ತಮ್ಮನಿಗೆ ಎರಡನೆಯದು ಹೆಣ್ಣು ಹುಟ್ಟಿತು. ಹೆಸರಿಡುವ ಹಕ್ಕು ಸೋದರತ್ತೆಯಾದ ನನ್ನದೇ ಎಂದು ಶಹಾಪುರದಲ್ಲಿ ಬಸ್ಸು ಹತ್ತುವಾಗಲೇ ಬೀಗುತ್ತಿದ್ದೆ. ದೇವಾಪುರದ ಮನೆಗೆ ಬಂದರೆ ಅವ್ವ ಮುಖ ಊದಿಸಿಕೊಂಡು ಕೂತಿದ್ದಳು. ತಮ್ಮನ ಹೆಂಡತಿಗೆ ಹೊಸ ಕಾಲದ ಹೆಸರು ಬೇಕಿತ್ತಂತೆ.

"ಹಿರೇರ ಹೆಸರ ಇಡ್ರಿ," ಎಂದಳು ಅವ್ವ.

"ಯಾವ ಹಿರೇರದು?"

"ನಿಮ್ಮಪ್ಪನ್ನ ಹಡದಾಕಿದು."

ಅಂದರೆ ನಮ್ಮ ಆಯಿಯ ಹೆಸರು. ಅತ್ತೆಯ ಹೆಸರು ಹೇಳಬಾರದೆಂದು ಅವ್ವ ಅದನ್ನು ಒಮ್ಮೆಯೂ ಬಾಯಿಗೆ ತಂದವಳಲ್ಲ. ಪಕ್ಕದ ಮನೆಯ ಹುಡುಗಿಗೂ ಅದೇ ಹೆಸರು, ಪಾಪ. ಅವಳು ಅವ್ವನಿಗೆ ಇವತ್ತಿಗೂ "ಏ ಇಕಿನಾ". ನಾನೂ ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವ್ವನಿಗೆ ಓದಿ ಹೇಳುವವರು ಬಹಳ ಮಂದಿ ಇದ್ದಾರೆ. ಅದರ ಅರ್ಥ ಭೂಮಿ, ಅಷ್ಟು ಸಾಕು.

"ಅದೇ ಇಟ್ರ ನೀ ಏನಂತ ಕರೀತಿ ಬೇ?"

"ಕೂಸ ಅಂತೀನಿ."

"ಮದವಿ ಆದ ಮ್ಯಾಲೂ ಕೂಸೇನು?"

ಅವ್ವ ಸಂಜೆ ಹಂಚುವ ಗುಗ್ಗರಿಯ ಕಾಳಿನ ಮೊರ ಮುಂದೆಳೆದುಕೊಂಡಳು. ಮೊಮ್ಮಗಳನ್ನು ಓಣಿಗೆಲ್ಲ ಕೇಳುವಂತೆ ಕೂಗಿ ಕರೆಯುವ ಆಸೆ ಅವಳಿಗೆ ಬೆಟ್ಟದಷ್ಟಿತ್ತು. ಅತ್ತೆಯ ಹೆಸರು ಮನೆಯಲ್ಲಿ ಉಳಿಯಬೇಕೆಂಬ ಹಟವೂ ಅಷ್ಟೇ ಇತ್ತು. ನನಗೆ ಸಂಕಟವಾಯಿತು.

ಶಾಲೆಯಲ್ಲಿ ಮಕ್ಕಳಿಗೆ ಭೂಮಿಯ ಬೇರೆ ಬೇರೆ ಹೆಸರು ಬಾಯಿಪಾಠ ಮಾಡಿಸುವವಳು ನಾನೇ. ಗುಗ್ಗರಿಯ ಕಾಳು ಆರಿಸುತ್ತ ಅದೇ ರಾಗದಲ್ಲಿ ಗುನುಗಿದೆ: ಧರಣಿ, ವಸುಧೆ, ಮೇದಿನಿ, ಅವನಿ. ಕೊನೆಯದರಲ್ಲಿ ನಾಲಿಗೆ ನಿಂತಿತು. ಮೂರೇ ಅಕ್ಷರ. ಒತ್ತಿಲ್ಲ, ದೀರ್ಘವಿಲ್ಲ, ಹಲ್ಲು ಬಿದ್ದ ಬಾಯಿಗೂ ಸಲೀಸು. ಎಂಥ ಚೆಂದದ ಹೆಸರು!

"ಅವನಿ ಅಂದ್ರೂ ಭೂಮಿನೇ ಬೇ," ಎಂದೆ. ತಮ್ಮನ ಹೆಂಡತಿ ಒಳಗಿನಿಂದಲೇ "ಛಲೋ ಐತ್ರಿ" ಎಂದಳು.

ಅವ್ವ ಕಾಳು ಆರಿಸುವುದನ್ನು ಬಿಟ್ಟಳು. "ಹಂಗಾದ್ರ ಅತ್ತಿನೇ ಬಂದಂಗಾತಲ್ಲ?"

"ಹೂಂ. ಕರ್ಯಾಕ ನಿನಗೂ ಅಡ್ಡಿಲ್ಲ."

ಸಂಜೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಸದ್ದು ಮಾಡಿ ಹೆಸರು ಹೇಳಿದೆ. ಪದ್ಧತಿಯಂತೆ ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದಿದರು. ಪಕ್ಕದ ಮನೆಯ ಹುಡುಗಿಯ ಗುದ್ದಿನಲ್ಲಿ ಹಳೆಯ ಸಿಟ್ಟೆಲ್ಲ ಇತ್ತು. ಬೆನ್ನು ಸವರಿಕೊಳ್ಳುತ್ತ ಎದ್ದರೆ ಅವ್ವ ಎಲ್ಲರನ್ನೂ ಸರಿಸಿ ತೊಟ್ಟಿಲ ಹತ್ತಿರ ಬಂದಿದ್ದಳು.

"ಅವನಿ," ಎಂದಳು ಮೆಲ್ಲಗೆ. ಆಮೇಲೆ ಓಣಿಗೆ ಕೇಳುವಂತೆ, "ಅವನೀ!"

ಗೋಡೆಯ ಮೇಲಿದ್ದ ಆಯಿಯ ಫೋಟೋ ನೋಡಿ ತಲೆಯ ಮೇಲೆ ಸೆರಗು ಹೊದ್ದಳು. ಕಣ್ಣು ತುಂಬಿದ್ದವು, ಬಾಯಿ ನಗುತ್ತಿತ್ತು.

"ಇಷ್ಟ ವರ್ಷಕ್ಕ ಒಮ್ಮಿ ಹೆಸರ ಹಿಡದು ಕರದೀನಿ," ಎಂದಳು, "ಓ ಅನ್ರಿ ಅತ್ತಿ."